ಬೆಲ್ಲ ತಿಂದು ನೀರು ಬಿಟ್ಟವರು

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ ನೀರು. ಚಹಾ, ಊಟ ಎಲ್ಲ ಆಮೇಲೆ. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಪಕ್ಕದಲ್ಲಿ ಒಂದು ಚೊಂಬು ನೀರು. ಬಂದವರು ಬೆಲ್ಲ ಕಚ್ಚಿ ನೀರು ಕುಡಿದ ಮೇಲೆಯೇ ಬಂದ ವಿಷಯ. ಬೆಲ್ಲ ಬೇಡ ಎಂದು ಬರೀ ನೀರು ಕುಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಬೆಲ್ಲ ತಿಂದು ನೀರು ಬಿಟ್ಟು ಎದ್ದವರನ್ನು ಈ ಅರುವತ್ತನಾಲ್ಕು ವರ್ಷದಲ್ಲಿ ನೋಡಿದ್ದು ಒಬ್ಬರನ್ನೇ. ಇದು ಅವರ ವಿಷಯ. ಹೆಸರು ಬರೆಯುವುದಿಲ್ಲ. ಬರೆದರೆ ಅವರು ಇದನ್ನು ಓದಿ ಕನ್ನಡಕ ತೆಗೆದು, ಇದೆಲ್ಲ ಎಂತಕ್ಕೆ ಅಕ್ಕ ಎಂದು ಕೇಳುತ್ತಾರೆ. ನಾವು ಅವರನ್ನು ಮಣ್ಣಿನ ಸಾರ್ ಎನ್ನುತ್ತಿದ್ದೆವು. ಇಲ್ಲಿಯೂ ಅದೇ ಸಾಕು.

ಈಗ ಬರೆಯುವುದಕ್ಕೆ ಕಾರಣ ಉಂಟು. ಮೊನ್ನೆ ನನ್ನ ಮೊಮ್ಮಗಳು ಸಾನ್ವಿ ಅಂಗನವಾಡಿಯಿಂದ ಓಡಿ ಬಂದವಳು, ನಾನು ಆಗಷ್ಟೇ ಬಾವಿಯಿಂದ ಸೇದಿಟ್ಟ ಕೊಡಕ್ಕೆ ಲೋಟ ಅದ್ದಿ, ಗಟಗಟ ಕುಡಿದು, ಲಂಗದಲ್ಲಿ ಬಾಯಿ ಒರೆಸಿಕೊಂಡು ಆಡಲು ಹೋದಳು. ಮಗು ನೀರು ಕುಡಿದದ್ದು ಬರೆಯುವಂಥ ವಿಷಯವೇ ಎಂದು ಯಾರಾದರೂ ಕೇಳಬಹುದು. ನಮ್ಮ ಲೈನಿನಲ್ಲಿ ಹೌದು. ನಾನು ಹಗ್ಗ ಹಿಡಿದುಕೊಂಡು ನಿಂತಲ್ಲೇ ನಿಂತೆ. ಸೊಸೆ ಬಂದು, ಅತ್ತೆ ಎಂತ ಆಯ್ತು ಎಂದು ಕೇಳಿದಾಗ ಖಾಲಿ ಲೋಟ ತೋರಿಸಿದೆ. ಆ ದಿವಸದಿಂದ ನಾನು ಸಿಕ್ಕಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ ಆದಷ್ಟು ಬರೆದೂ ಇಡುವ ಎಂದು ಕೂತಿದ್ದೇನೆ.

ನಮ್ಮ ಲೈನು ಎಂದರೆ ಗೇರುಬೀಜದ ಫ್ಯಾಕ್ಟರಿಯ ಕೆಲಸದವರಿಗೆಂದು ಕಟ್ಟಿದ ಹನ್ನೊಂದು ಮನೆಗಳ ಸಾಲು. ಮೂಡುಬಿದಿರೆ ಪೇಟೆಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಮದುವೆಯಾಗಿ ಬಂದ ವರ್ಷವೇ ನಾನು ಅಲ್ಲಿ ಬೀಜ ಒಡೆಯಲು ಕೂತವಳು. ಗೇರುಬೀಜದ ಸಿಪ್ಪೆಯೊಳಗೆ ಒಂದು ಕಪ್ಪು ಎಣ್ಣೆ ಇರುತ್ತದೆ. ತಾಗಿದಲ್ಲಿ ಸುಡುತ್ತದೆ, ಚರ್ಮ ಏಳುತ್ತದೆ. ಕೈಗೆ ಬೂದಿ ಹಚ್ಚಿಕೊಂಡು ಒಡೆಯುವುದು ನಮ್ಮ ಕ್ರಮ. ಮದುವೆ ಮನೆಗಳಲ್ಲಿ ನಾವು ಊಟಕ್ಕೆ ಕೂತರೆ ಕೈ ನೋಡಿಯೇ ಬೀಜದ ಫ್ಯಾಕ್ಟರಿಯವರು ಎಂದು ಗೊತ್ತಾಗುತ್ತಿತ್ತು. ಸಿಪ್ಪೆಯಿಂದ ಆ ಎಣ್ಣೆ ಹಿಂಡಿ ಬ್ಯಾರಲಿನಲ್ಲಿ ತುಂಬಿಸಿ ಲಾರಿಯಲ್ಲಿ ಕಳುಹಿಸುತ್ತಿದ್ದರು. ಅಡಿಯಲ್ಲಿ ಉಳಿದ ಗಸಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಫ್ಯಾಕ್ಟರಿ ಒಂದು ದಿನ ಮುಚ್ಚಿತು. ಯಜಮಾನರು ಯಂತ್ರಗಳನ್ನು ಮಾರಿ ಹೋದವರು ಮತ್ತೆ ಈ ಕಡೆ ಬರಲಿಲ್ಲ. ಮಾಡು ಕುಸಿಯಿತು, ಹಂಚು ಬಿತ್ತು. ಉಳಿದದ್ದು ನಾವು, ಆ ಜಾಗ, ಅದರ ಮೂಲೆಯ ಒಂದು ಬಾವಿ. ಬಾವಿಯ ನೀರಿನ ಮೇಲೆ ಯಾವಾಗಲೂ ಎಣ್ಣೆಯ ಒಂದು ಪೊರೆ. ಬಾಯಿಗೆ ಹಾಕಿದರೆ ನಾಲಗೆ ಉರಿಯುತ್ತಿತ್ತು. ದನ ಕೂಡ ಮೂಸಿ ಮುಖ ತಿರುಗಿಸುತ್ತಿತ್ತು. ನಾವು ಗದ್ದೆ ದಾಟಿ ಇನ್ನೊಬ್ಬರ ಬಾವಿಯಿಂದ ಹೊತ್ತು ತರುತ್ತಿದ್ದೆವು. ಅಂಗಳದಲ್ಲಿ ಅಂಬೆಗಾಲಿಟ್ಟ ಮಕ್ಕಳಿಗೆ ಮೊಣಕಾಲಲ್ಲಿ ಕೆಂಪು ಬೊಕ್ಕೆ ಏಳುತ್ತಿತ್ತು. ಸಾನ್ವಿಗೂ ಎದ್ದಿತ್ತು. ಅವಳು ಹತ್ತು ತಿಂಗಳ ಮಗು ಆಗ. ಬಂಟ್ವಾಳದಿಂದ ನನ್ನ ಬೀಗಿತ್ತಿ ಮಗುವನ್ನು ನೋಡಲು ಬಂದವರು ಆ ಮೊಣಕಾಲು ನೋಡಿ, ಮಗು ನಮ್ಮಲ್ಲೇ ಇರಲಿ ಎಂದು ಬಟ್ಟೆ ಕಟ್ಟಲು ಸುರು ಮಾಡಿದ್ದರು. ನಾನು ಬೇಡ ಎಂದೆ. ಒಂದು ತಿಂಗಳು ನೋಡುವ ಎಂದು ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಕೇಳಿಕೊಂಡೆ.

ಅದೇ ಹೊತ್ತಿಗೆ ಪಂಚಾಯತಿನಲ್ಲಿ ಒಂದು ತೀರ್ಮಾನ ಆಯಿತು. ಫ್ಯಾಕ್ಟರಿಯ ಜಾಗವನ್ನು ನಮಗೇ ಮನೆ ಸೈಟು ಮಾಡಿ ಕೊಡುವುದು, ನಡುವಿನಲ್ಲಿ ಅಂಗನವಾಡಿ ಕಟ್ಟುವುದು. ಆದರೆ ಮಣ್ಣು ಸರಿ ಉಂಟು ಎಂದು ಒಂದು ಕಾಗದ ಬೇಕು. ಕಾಗದ ಆದರೆ ಕೆಲಸ ನಾಳೆಯೇ ಸುರು, ನೀರಿಗೆ ನಳ್ಳಿ ಹಾಕಿಸುವ ಎಂದು ನಮ್ಮ ಮೆಂಬರರು ಹೇಳಿದರು. ಮಣ್ಣು ಪರೀಕ್ಷೆ ಮಾಡಿ ಆ ಕಾಗದ ಕೊಡಲು ಸರಕಾರದ ಆಫೀಸಿನಿಂದ ಬಂದವರು ಮಣ್ಣಿನ ಸಾರ್.

ಅವರ ಮನೆ ಕಕ್ಕಿಂಜೆಯಲ್ಲಿ. ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟು, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ವೇಣೂರು ದಾರಿಯಾಗಿ ಬರುತ್ತಿದ್ದರು. ಸಣ್ಣ ಆಳು. ಕುತ್ತಿಗೆಯ ಹಿಂದೆ ಅಂಗಿಯ ಕಾಲರಿಗೆ ಸಿಕ್ಕಿಸಿದ ಕೊಡೆ, ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಗೋಣಿಯಲ್ಲಿ ಸುತ್ತಿದ ಉದ್ದದ ಒಂದು ಕಬ್ಬಿಣದ ಕೊಳವೆ. ಮಣ್ಣಿನೊಳಗೆ ತಿರುಗಿಸಿ ಇಳಿಸಿದರೆ ಆಳದ ಮಣ್ಣನ್ನು ಮೇಲೆ ತರುವ ಕೊಳವೆ ಅದು. ಗೊತ್ತಿಲ್ಲದವರು ಮೀನು ಹಿಡಿಯಲು ಹೊರಟವರು ಎಂದುಕೊಳ್ಳಬೇಕು. ಏನು ಕೇಳಿದರೂ ಮೊದಲ ಉತ್ತರ "ನೋಡುವ." ಮಳೆ ಬರ್ತದಾ ಸಾರ್ ಎಂದರೂ ನೋಡುವ. ಊಟ ಆಯ್ತಾ ಎಂದರೂ ಒಮ್ಮೆ ನೋಡುವ ಎಂದದ್ದನ್ನು ನಾನೇ ಕೇಳಿದ್ದೇನೆ.

ಮೊದಲ ದಿನ ನಮ್ಮ ಜಗಲಿಯಲ್ಲಿ ಕೂತರು. ನಾನು ಬೆಲ್ಲ ನೀರು ತಂದಿಟ್ಟೆ. ಬೆಲ್ಲದ ದೊಡ್ಡ ತುಂಡನ್ನೇ ಆರಿಸಿ ಬಾಯಿಗೆ ಹಾಕಿಕೊಂಡರು. ಚೊಂಬನ್ನು ಎತ್ತಿ ಮೂಸಿದರು. ಎಲ್ಲಿಯ ನೀರು ಎಂದು ಕೇಳಿದರು. ಗದ್ದೆಯಾಚೆಯ ಮನೆಯ ಬಾವಿಯದ್ದು, ಒಳ್ಳೆಯದುಂಟು ಎಂದೆ. ಚೊಂಬನ್ನು ಹಾಗೆಯೇ ಕೆಳಗೆ ಇಟ್ಟರು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಪಕ್ಕದ ಮನೆಯ ಸೆಲಿನ್ ಬಾಯಿ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಫ್ಯಾಕ್ಟರಿಯಲ್ಲಿಯೂ ನನ್ನ ಪಕ್ಕವೇ ಕೂತವಳು ಅವಳು. ಮನಸ್ಸಿಗೆ ಬಂದದ್ದು ಅವಳ ಬಾಯಿಯಲ್ಲಿ ನಿಲ್ಲುವುದಿಲ್ಲ.

"ನಮ್ಮ ಕೈಯ ನೀರು ಸಾರಿಗೆ ಆಗುವುದಿಲ್ಲ ಕಾಣ್ತದೆ ಗಿರಿಜಾ."

ಅವರು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. "ಹಾಗಲ್ಲ ಬಾಯಿ. ಬೆಲ್ಲ ನಿಮ್ಮದು, ತಿಂದೆ. ನೀರು ಯಾರದ್ದೋ. ನಿಮ್ಮ ಬಾವಿಯದ್ದು ಆಗಲಿ, ಕುಡಿಯುವ."

"ಅದು ಆಗುವಾಗ ನಮಗೆ ಹಲ್ಲು ಇರುವುದಿಲ್ಲ."

"ನೀರಿಗೆ ಹಲ್ಲು ಎಂತಕ್ಕೆ?" ಎಂದು ತಟ್ಟೆಯಲ್ಲಿ ಉಳಿದ ಬೆಲ್ಲದ ಪುಡಿಯನ್ನೂ ಬೆರಳಲ್ಲಿ ಒತ್ತಿ ತೆಗೆದು ತಿಂದರು. ಆಮೇಲೆ ಮನೆಯ ಹಿಂದೆ ಹೋಗಿ, ಚೀಲದಿಂದ ತಮ್ಮ ಬಾಟ್ಲಿ ತೆಗೆದು, ನಮಗೆ ಕಾಣದ ಹಾಗೆ ನೀರು ಕುಡಿದರು. ಕಿಟಕಿಯಲ್ಲಿ ನನಗೆ ಕಂಡಿತು. ಅದರ ನಂತರ ಅವರು ಎಷ್ಟು ಸಲ ಬಂದಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ಎರಡನ್ನೂ ಇಡುತ್ತಿದ್ದೆ, ಅವರು ಒಂದನ್ನು ಮಾತ್ರ ಮುಗಿಸುತ್ತಿದ್ದರು.

ಮುಂದಿನ ಮಂಗಳವಾರ ಮಣ್ಣು ತೆಗೆಯಲು ಬರುತ್ತೇನೆ ಎಂದು ಹೇಳಿ ಹೋದರು. ಇಲ್ಲಿ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ದೊಡ್ಡವರೊಬ್ಬರು ನಮ್ಮ ಜಾಗ ನೋಡಲು ಬರುವಾಗ ಅದು ಕರಿ ಕರಿಯಾಗಿ, ಸಿಪ್ಪೆ ಹರಡಿಕೊಂಡು ಇದ್ದರೆ ಚಂದವೇ? ಮನೆಯಲ್ಲಿ ಒಂದು ಕಾರ್ಯಕ್ರಮ ಎಂದರೆ ನಾವು ಅಂಗಳಕ್ಕೆ ಹೊಸ ಮಣ್ಣು ಹಾಕಿ, ಹಲಗೆಯಲ್ಲಿ ಬಡಿದು, ಸೆಗಣಿ ಸಾರಿಸಿ ನುಣ್ಣಗೆ ಮಾಡುವವರು. ಲೈನಿನ ಹೆಂಗಸರೆಲ್ಲ ಸೇರಿ ಹಿಂದಿನ ಗುಡ್ಡದಿಂದ ನಾಲ್ಕು ದಿನ ಬುಟ್ಟಿಯಲ್ಲಿ ಕೆಂಪು ಮಣ್ಣು ಹೊತ್ತೆವು. ಇಡೀ ಜಾಗಕ್ಕೆ ಹರಡಿ ಬಡಿದೆವು. ಯಾರೋ ಒಬ್ಬರು ರಂಗೋಲಿಯನ್ನೂ ಹಾಕಿದರು. ನಾವು ಮೋಸ ಮಾಡಲು ಹೊರಟವರಲ್ಲ, ಸತ್ಯವಾಗಿ ಹೇಳುತ್ತೇನೆ. ಆದರೆ ಬುಟ್ಟಿ ಹೊರುವಾಗ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಕಾಗದ ಬೇಗ ಆಗುತ್ತದೆ ಎಂದು ಇತ್ತು. ಅದನ್ನೂ ಸತ್ಯವಾಗಿ ಹೇಳುತ್ತೇನೆ.

ಸಾರ್ ಬಂದರು. ರಂಗೋಲಿಯನ್ನು ಸ್ವಲ್ಪ ಹೊತ್ತು ನೋಡಿದರು. ಚಪ್ಪಲಿ ಬಿಟ್ಟು ನಡೆದು ಮೂರು ಕಡೆ ಮಣ್ಣು ತೆಗೆದು ಕವರಿನಲ್ಲಿ ಹಾಕಿ, ಪೆನ್ಸಿಲಿನಲ್ಲಿ ನಂಬರು ಬರೆದರು. ಪೆನ್ನಿನ ಶಾಯಿ ಬೆವರಿಗೆ ಹೋಗುತ್ತದೆ ಎಂದು ಪೆನ್ಸಿಲೇ ಬೇಕು ಅವರಿಗೆ. ಕವರುಗಳನ್ನು ಮಡಿಲಲ್ಲಿಟ್ಟು ಬಸ್ಸಿನಲ್ಲಿ ಹೋದರು. ಆ ಬಸ್ಸಿನಲ್ಲಿ ಒಬ್ಬಳು ಹೆಂಗಸು, ಅದು ಒಳ್ಳೆ ಗೊಬ್ಬರ ಇರಬೇಕು, ಮಲ್ಲಿಗೆ ಗಿಡಕ್ಕೆ ಸ್ವಲ್ಪ ಕೊಡಿ ಎಂದು ಕೇಳಿದಳಂತೆ. ಯಾಕೆ ಕೊಡಲಿಕ್ಕಾಗದು ಎಂದು ಇವರು ಹೇಳಲು ಹೊರಟು, ವೇಣೂರು ದಾಟುವವರೆಗೂ ಮುಗಿಯಲಿಲ್ಲವಂತೆ. ಇಳಿಯುವಾಗ ಅವಳು, ಇಷ್ಟು ಹೇಳುವ ಬದಲು ಒಂದು ಮುಷ್ಟಿ ಕೊಡಬಹುದಿತ್ತು ಎಂದಳಂತೆ. ಅವರೇ ನಮಗೆ ಹೇಳಿ ನಗಿಸಿದ ಕಥೆ ಇದು.

ಮೂರು ವಾರದಲ್ಲಿ ಅವರೇ ಕಾಗದ ಹಿಡಿದುಕೊಂಡು ಬಂದರು. ಮಣ್ಣಿನಲ್ಲಿ ಏನೂ ಇಲ್ಲ, ಶುದ್ಧ ಉಂಟು ಎಂದು ಅದರಲ್ಲಿ ಬರೆದಿತ್ತು. ಮೆಂಬರರಿಗೆ ಫೋನಿನಲ್ಲೇ ಸುದ್ದಿ ಸಿಕ್ಕಿ ಅವರು ಸಿಹಿ ತರಲು ಪೇಟೆಗೆ ಹೋಗಿದ್ದರು. ಸಾರ್ ನಮ್ಮ ಜಗಲಿಯಲ್ಲಿ ಕೂತು ಬೆಲ್ಲ ತಿಂದರು. ಸಾನ್ವಿ ಅವರ ಚೀಲ ಎಳೆಯುತ್ತಿದ್ದಳು. ಅವಳ ಮೊಣಕಾಲನ್ನು ಮೆಲ್ಲಗೆ ಹಿಡಿದು ತಿರುಗಿಸಿ ನೋಡಿದರು.

"ಅಕ್ಕ, ಇದು ಯಾವ ಗುಡ್ಡದ ಮಣ್ಣು?"

ನಾನು ಬೆಲ್ಲದ ತಟ್ಟೆ ಎತ್ತಿಕೊಂಡೆ. ಅವರೇ ಹೇಳಿದರು. ಅಷ್ಟು ವರ್ಷ ಬೀಜ ಒಡೆದ ಜಾಗದ ಮಣ್ಣಿನಲ್ಲಿ ಸಿಪ್ಪೆಯ ಒಂದು ಚೂರೂ ಸಿಗಲಿಲ್ಲ, ಅದಕ್ಕೇ ಕೇಳಿದ್ದು ಎಂದು. ಧ್ವನಿಯಲ್ಲಿ ಬೈಗುಳ ಇರಲಿಲ್ಲ. ನಾನು ಗುಡ್ಡದ ಕಡೆಗೆ ಕೈ ತೋರಿಸಿದೆ.

"ಈ ಕಾಗದ ಆಫೀಸಿಗೆ ಸಾಕು. ಇವತ್ತೇ ಕೊಟ್ಟರೂ ಯಾರೂ ಕೇಳುವುದಿಲ್ಲ," ಎಂದು ಅದನ್ನು ನನ್ನ ಮುಂದೆ ಇಟ್ಟರು. "ಆದರೆ ಇವಳು ಕಾಗದದ ಮೇಲೆ ಓಡುವುದಲ್ಲವಲ್ಲ ಅಕ್ಕ."

ಅಷ್ಟೇ ಹೇಳಿದ್ದು. ಗುಡ್ಡದ ಮಣ್ಣಿನ ವಿಷಯ ಅವರಿಗೆ ಗೊತ್ತಾಗಿತ್ತು. ಅದಕ್ಕಿಂತ ದೊಡ್ಡದೊಂದು ನನ್ನ ಹೊಟ್ಟೆಯಲ್ಲಿ ಇತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಫ್ಯಾಕ್ಟರಿಯ ಹಿಂದೆ ಹಳೆಯ ಕಾಲದಲ್ಲಿ ಮುರಕಲ್ಲು ತೆಗೆದ ಒಂದು ಹೊಂಡ. ಎಣ್ಣೆಯ ಗಸಿಯನ್ನೆಲ್ಲ ವರ್ಷಗಟ್ಟಲೆ ಅದಕ್ಕೇ ಸುರಿದದ್ದು. ಫ್ಯಾಕ್ಟರಿ ಮುಚ್ಚುವ ಮುಂಚೆ ಒಂದು ಶನಿವಾರ ಮೇಸ್ತ್ರಿ ನಮ್ಮಲ್ಲಿ ಐದು ಮಂದಿಯನ್ನು ಕರೆದು, ಮೇಲಿಂದ ಮಣ್ಣು ಹಾಕಿ ಸಮ ಮಾಡಿಸಿದ. ಚಹಾ ಬನ್ನು ಕೊಟ್ಟು, ಇದನ್ನು ಯಾರಿಗೂ ಹೇಳುವುದು ಬೇಡ ಎಂದ. ನಾವು ಹೇಳಲಿಲ್ಲ. ಐವರಲ್ಲಿ ನಾನೊಬ್ಬಳು, ಸೆಲಿನ್ ಬಾಯಿ ಒಬ್ಬಳು. ಅಂಗನವಾಡಿಗೆಂದು ಪಂಚಾಯತಿನವರು ಗೂಟ ಹೊಡೆದದ್ದು ಸರಿಯಾಗಿ ಅದರ ಮೇಲೆಯೇ. ಹೇಳಿದರೆ ಸೈಟು ಎಷ್ಟು ವರ್ಷ ಹಿಂದೆ ಹೋಗುತ್ತದೋ, ಲೈನಿನಲ್ಲಿ ಒಬ್ಬರೂ ನನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ ಸಾನ್ವಿ ಅದರ ಮೇಲೆ ಕೂತು ಅ ಆ ಕಲಿಯುತ್ತಾಳೆ.

ಸಾರ್ ಆ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಇನ್ನೊಮ್ಮೆ ಮಣ್ಣು ತೆಗೆಯುತ್ತೇನೆ ಎಂದು ಹೋದರು. ಮೆಂಬರರು ತಂದ ಸಿಹಿಯನ್ನು ನಾವೇ ತಿಂದೆವು, ರುಚಿ ಗೊತ್ತಾಗಲಿಲ್ಲ.

ಮುಂದಿನ ವಾರ ಬಂದವರು ಕೊಳವೆ ಹೊರಗೆ ತೆಗೆಯಲೇ ಇಲ್ಲ. ಫ್ಯಾಕ್ಟರಿಯ ನಕ್ಷೆ ಯಾವ ಆಫೀಸಿನಲ್ಲಿಯೂ ಸಿಗಲಿಲ್ಲವಂತೆ. ನಮ್ಮನ್ನೆಲ್ಲ ಕರೆದರು. ಕೆಲಸ ಮಾಡಿದವರು ಹದಿನಾಲ್ಕು ಮಂದಿ ಇದ್ದೆವು.

"ನಕ್ಷೆ ಇಲ್ಲದಿದ್ದರೆ ಬೇಡ, ನೀವಿದ್ದೀರಲ್ಲ. ಎಲ್ಲರೂ ಆಗ ಕೂತಲ್ಲೇ ಹೋಗಿ ಒಮ್ಮೆ ಕೂತ್ಕೊಳ್ಳಿ."

ನಮಗೆ ನಗು. ಗೋಡೆಯಿಲ್ಲ, ಮಾಡಿಲ್ಲ, ಬರೀ ಬಯಲು. ಆದರೂ ಕಾಲು ಅದಾಗಿಯೇ ಹೋಯಿತು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತದ್ದೇ, ಬಲಗೈ ಬೀಜ ಒಡೆಯುವ ಕೊಡತಿಯನ್ನು ಹುಡುಕಿತು. ಸೆಲಿನ್ ಬಾಯಿ ನನ್ನ ಪಕ್ಕ ಬಂದು ಕೂತಳು. ನನ್ನ ಜಾಗಕ್ಕೆ ನುಗ್ಗುವುದನ್ನು ಇನ್ನೂ ಬಿಡಲಿಲ್ಲವಾ, ಆಚೆ ಜರುಗು ಎಂದೆ.

"ಜಾಗ ಅಷ್ಟೇ ಉಂಟು ಗಿರಿಜಾ, ನೀನು ಅಗಲ ಆದದ್ದು."

ಹದಿನಾಲ್ಕು ಮಂದಿ ಕೂತ ಮೇಲೆ ನೋಡಿದರೆ ಫ್ಯಾಕ್ಟರಿ ಎದ್ದು ನಿಂತಿತ್ತು. ನಮ್ಮ ಸಾಲಿನ ಎದುರು ಸಿಪ್ಪೆ ತೆಗೆಯುವವರ ಸಾಲು, ನಡುವೆ ದಾರಿ, ದಾರಿಯ ಕೊನೆಗೆ ಹುರಿಯುವ ಡ್ರಮ್ಮು, ಅದರ ಬಿಸಿ ಯಾರ ಬೆನ್ನಿಗೆ ತಾಗುತ್ತಿತ್ತು ಎಂದು ಅವರೇ ಹೇಳಿದರು. ಸಾರ್ ನಮ್ಮ ನಡುವೆ ಕೋಲಿನಲ್ಲಿ ಗೆರೆ ಎಳೆಯುತ್ತ, ಗೂಟ ಹೊಡೆಯುತ್ತ ನಡೆದರು. ಇಲ್ಲಿ ಬಾಗಿಲಾ? ಬಾಗಿಲು. ಎಣ್ಣೆ ಹಿಂಡುವ ಕೋಣೆ? ಹತ್ತು ಕೈ ಒಟ್ಟಿಗೆ ಎದ್ದವು. ಗಸಿ ಹೊತ್ತುಕೊಂಡು ಹೋಗುತ್ತಿದ್ದದ್ದು ಯಾವ ದಾರಿಯಲ್ಲಿ? ಹಿಂದಿನ ಬಾಗಿಲಲ್ಲಿ. ಅಲ್ಲಿಂದ?

ಅಲ್ಲಿಗೆ ಎಲ್ಲರ ಮಾತೂ ನಿಂತಿತು. ಗೊತ್ತಿಲ್ಲದವರು ಗೊತ್ತಿಲ್ಲದೆ ಸುಮ್ಮನಾದರು, ಗೊತ್ತಿದ್ದವರು ಗೊತ್ತಿದ್ದು ಸುಮ್ಮನಾದರು. ಸೆಲಿನ್ ಬಾಯಿ ನನ್ನ ಸೆರಗು ಹಿಡಿದಳು. ಸಾರ್ ಯಾರನ್ನೂ ನೋಡಲಿಲ್ಲ. ಕೋಲಿನ ತುದಿಯ ಮಣ್ಣು ಒರೆಸುತ್ತ ನಿಂತರು. ಆ ಹೊತ್ತಿನಲ್ಲಿ ಅವರು ಒಂದು ಮಾತು ಕೇಳಿದ್ದರೆ ನಾನು ಗೊತ್ತಿಲ್ಲ ಎನ್ನುತ್ತಿದ್ದೆ ಎಂದು ಈಗಲೂ ನನಗೆ ಅನಿಸುತ್ತದೆ. ಅವರು ಕೇಳಲಿಲ್ಲ. ಸೊಸೆಯ ಕೈಯಿಂದ ಸಾನ್ವಿ ನನ್ನ ಕಡೆಗೆ ಹಾರುತ್ತಿದ್ದಳು. ನಾನು ಎದ್ದು ಅವಳನ್ನು ಸೊಂಟದಲ್ಲಿ ಎತ್ತಿಕೊಂಡು, ಇಲ್ಲದ ಬಾಗಿಲನ್ನು ದಾಟಿ, ಅಂಗನವಾಡಿಯ ಗೂಟಗಳ ನಡುವೆ ಹೋಗಿ ನಿಂತೆ.

"ಇಲ್ಲಿ ಸಾರ್. ನಾವೇ ಮುಚ್ಚಿದ್ದು."

ಅವರು ಕೊಳವೆ ತಂದು ತಿರುಗಿಸಿ ಇಳಿಸಿದರು. ಮೊದಲು ಕೆಂಪು ಬಂತು. ಆಮೇಲೆ ಕಪ್ಪು, ಡಾಂಬರಿನ ಹಾಗೆ, ಅದೇ ವಾಸನೆ. ಮೆಂಬರರು ನನ್ನ ಹತ್ತಿರ ಬಂದು, ಅಜ್ಜಿ, ನೀವು ಎಲ್ಲರ ಅನ್ನಕ್ಕೆ ಮಣ್ಣು ಹಾಕಿದ್ರಿ ಎಂದು ಹೇಳಿ ಸ್ಕೂಟರು ಹತ್ತಿ ಹೋದರು. ಲೈನಿನಲ್ಲಿ ಎರಡು ತಿಂಗಳು ನನ್ನ ಜೊತೆ ಮಾತಿಲ್ಲ. ಸೆಲಿನ್ ಬಾಯಿ ಬಟ್ಟೆ ಒಣಗಿಸುವ ಹಗ್ಗವನ್ನೂ ಬಿಚ್ಚಿ ಆಚೆ ಕಟ್ಟಿಕೊಂಡಳು. ಬೀಗಿತ್ತಿ ಮಗುವನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದರು. ನಾನೂ ಈ ಸಲ ಬೇಡ ಎನ್ನಲಿಲ್ಲ. ಆ ಎರಡು ತಿಂಗಳು ನಮ್ಮ ಜಗಲಿಗೆ ಬಂದು ಕೂತವರು ಮಣ್ಣಿನ ಸಾರ್ ಒಬ್ಬರೇ. ಕೆಲಸ ಇಲ್ಲದ ವಾರವೂ ಬಂದರು. ಬೆಲ್ಲ ತಿನ್ನುವುದು, ಮಗುವಿನ ಕಾಲು ಹೇಗಿದೆಯಂತೆ ಎಂದು ಕೇಳುವುದು, ಎಲ್ಲರಿಗೂ ಕಾಣುವ ಹಾಗೆ ಅರ್ಧ ಗಂಟೆ ಕೂತು ಹೋಗುವುದು. ಅವರು ಯಾಕೆ ಬರುತ್ತಿದ್ದರು ಎಂದು ನನಗೆ ಗೊತ್ತಿತ್ತು.

ಆಫೀಸುಗಳ ಮೆಟ್ಟಲು ಹತ್ತಿ ಇಳಿದು ಅವರು ಕೆಲಸ ಮಂಜೂರು ಮಾಡಿಸಿದರು. ಹೊಂಡದ ಗಸಿಯನ್ನು ಬ್ಯಾರಲಿನಲ್ಲಿ ತುಂಬಿಸಿ, ಅಂಥದ್ದನ್ನು ಸುಡುವ ಜಾಗಕ್ಕೆ ಲಾರಿಯಲ್ಲಿ ಕಳುಹಿಸುವುದು. ಸುತ್ತಲಿನ ಮಣ್ಣನ್ನು ಉದ್ದಕ್ಕೆ ರಾಶಿ ಹಾಕಿ, ಸೆಗಣಿ ಬೈಹುಲ್ಲು ಸೇರಿಸಿ, ಮೇಲೆ ಶೀಟು ಹೊದೆಸಿ, ವಾರಕ್ಕೊಮ್ಮೆ ಮಗುಚುವುದು. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಹುಳಗಳೇ ಆ ಎಣ್ಣೆಯನ್ನು ತಿಂದು ಮುಗಿಸುತ್ತವೆಯಂತೆ. ನಿಧಾನದ ಕೆಲಸ. ಮಗುಚುವ ಕೆಲಸ ಲೈನಿನ ಹೆಂಗಸರಿಗೇ ಸಿಗಬೇಕು ಎಂದು ಹಟ ಹಿಡಿದವರೂ ಅವರೇ.

ಕೆಲಸ ಸುರು ಮಾಡುವ ಮುಂಚೆ ಒಂದು ದಿನ ಹಳೆಯ ಪೇಪರುಗಳ ಕಟ್ಟು ತಂದರು. ಒಬ್ಬೊಬ್ಬರಾಗಿ ಬಂದು ಪೇಪರಿನ ಮೇಲೆ ಅಂಗೈ ಇಡಿ ಎಂದರು. ಪೆನ್ಸಿಲಿನಲ್ಲಿ ನಮ್ಮ ಬೆರಳುಗಳ ಸುತ್ತ ಗೆರೆ ಎಳೆದು, ಮೂಲೆಯಲ್ಲಿ ಹೆಸರು ಬರೆದುಕೊಂಡರು. ಗ್ಲೌಸಿಗೆ ಅಳತೆಯಂತೆ. ದೊಡ್ಡದಾದರೆ ಜಾರುತ್ತದೆ, ಸಣ್ಣದಾದರೆ ನೀವು ತೆಗೆದಿಡ್ತೀರಿ ಎಂದರು. ನನ್ನ ಕೈಯನ್ನು ಇಡಲು ನನಗೆ ನಾಚಿಕೆಯಾಯಿತು. ಉಗುರು ಕಪ್ಪು, ಬೆರಳ ತುದಿ ಒಡೆದು ಸೊಟ್ಟ. ಅವರು ಆ ಸೊಟ್ಟ ಬೆರಳಿನ ಸುತ್ತಲೂ ಅಷ್ಟೇ ಮೆಲ್ಲಗೆ, ತಪ್ಪದ ಹಾಗೆ ಪೆನ್ಸಿಲು ತಿರುಗಿಸಿದರು. ಇಪ್ಪತ್ತಾರು ವರ್ಷ ಬೀಜ ಒಡೆದ ಕೈ ಅದು. ಇದಕ್ಕೆ ಅಳತೆ ತೆಗೆದವರು ಬಳೆಯವನನ್ನು ಬಿಟ್ಟರೆ ಅವರೊಬ್ಬರೇ.

ಪೇಪರಿನಲ್ಲಿ ನನ್ನ ಕೈಯ ಪಕ್ಕ ಇನ್ನೊಂದು ಕೈ ಬಂದು ಕೂತಿತು. ನೋಡಿದರೆ ಸೆಲಿನ್ ಬಾಯಿ. ಎರಡು ತಿಂಗಳಾದ ಮೇಲೆ ಮೊದಲ ಸಲ ನನ್ನ ಹತ್ತಿರ ಬಂದಿದ್ದಳು.

"ಒಂದೇ ಪೇಪರಿನಲ್ಲಿ ಎರಡು ಹಿಡೀತದೆ ಸಾರ್, ಇವಳು ಸ್ವಲ್ಪ ಜರುಗಿದ್ರೆ," ಎಂದಳು. ಆಮೇಲೆ ತಲೆ ತಗ್ಗಿಸಿ ನನಗೆ ಮಾತ್ರ ಕೇಳುವ ಹಾಗೆ, "ಆ ಶನಿವಾರ ಹೊಂಡಕ್ಕೆ ಬುಟ್ಟಿ ನಾನೂ ಹೊತ್ತದ್ದೇ ಅಲ್ವಾ ಗಿರಿಜಾ."

ಸಂಜೆ ಅವಳ ಬಟ್ಟೆಯ ಹಗ್ಗ ಮೊದಲಿನ ಕಂಬಕ್ಕೆ ಬಂತು.

ಅವರಲ್ಲಿ ಬರೀ ಒಳ್ಳೆಯದೇ ಇತ್ತು ಎಂದರೆ ಸುಳ್ಳಾಗುತ್ತದೆ. ವಿಪರೀತ ಹಟ. ಒಂದು ಗ್ಲೌಸು ಹರಿದರೆ ಇಡೀ ದಿನದ ಕೆಲಸ ನಿಲ್ಲಿಸಿ ಬಿಡುತ್ತಿದ್ದರು, ನಾವು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಒಮ್ಮೆ ಬ್ಯಾರಲು ತುಂಬಿದ ಲಾರಿ ಹೊರಟು ನಿಂತಿತ್ತು. ದೂರ ಹೋಗುವ ಬದಲು ಅದನ್ನು ಹತ್ತಿರದ ಯಾವುದೋ ಊರಿನಲ್ಲಿ ಹೊಳೆಗೆ ಸೇರುವ ತೋಡಿನ ಬದಿಗೆ ಸುರಿಯುವುದು ಎಂದು ಗುತ್ತಿಗೆಯವರು ಮಾತಾಡಿಕೊಂಡದ್ದು ಇವರ ಕಿವಿಗೆ ಬಿತ್ತು. ಲಾರಿಯ ಮುಂದೆ ಕೊಡೆ ಬಿಡಿಸಿ ಕೂತು, ಬುತ್ತಿ ಬಿಚ್ಚಿ ಊಟ ಸುರು ಮಾಡಿದರು. ಡ್ರೈವರು ಹಾರ್ನು ಹೊಡೆದು ಹೊಡೆದು ಸೋತ. ಊಟ ಮುಗಿಸಿ, ಕೈ ತೊಳೆದು, ಲಾರಿಯ ಮುಂದಿನ ಸೀಟಿನಲ್ಲಿ ತಾವೇ ಹತ್ತಿ ಕೂತರು. ಸುಡುವ ಜಾಗದವರೆಗೂ ಹೋಗಿ, ಇಳಿಸಿಕೊಂಡ ಚೀಟಿ ತಂದರು. ನಿಮಗೆ ಯಾಕೆ ಸಾರ್ ಅಷ್ಟು ತಲೆಬಿಸಿ, ನಮ್ಮಲ್ಲಿಂದ ಹೋಯಿತಲ್ಲ ಎಂದು ನಾನೇ ಕೇಳಿದ್ದೆ. ಆ ತೋಡಿನ ಬದಿಯಲ್ಲಿಯೂ ಒಬ್ಬಳು ಅಜ್ಜಿ ಇರ್ತಾಳೆ ಅಕ್ಕ ಎಂದರು.

ನಡುವಿನಲ್ಲಿ ಅವರಿಗೆ ನಿವೃತ್ತಿ ಆಯಿತು. ಮುಂದಿನ ವಾರ ಬರುವುದಿಲ್ಲ ಎಂದು ನಾವು ಅಂದುಕೊಂಡರೆ, ಅದೇ ಬಸ್ಸಿನಲ್ಲಿ ಅದೇ ಕೊಡೆ ಸಿಕ್ಕಿಸಿಕೊಂಡು ಇಳಿದರು. ಕೊಳವೆ ಆಫೀಸಿನದ್ದು, ವಾಪಸು ಕೊಟ್ಟೆ ಎಂದರು, ಅಷ್ಟೇ ವ್ಯತ್ಯಾಸ. ಇನ್ನೂ ಒಂದು ಮಳೆಗಾಲ ಹಾಗೆ ಬಂದರು. ಬಾವಿಯ ಕೆಸರು ತೆಗೆಯುವಾಗ, ಮೂರು ಸಲ ನೀರು ಬತ್ತಿಸುವಾಗ, ಕಟ್ಟೆಯ ಮೇಲೆ ಕೂತು ಪ್ರತಿ ಬಕೆಟನ್ನೂ ಮೂಸಿದರು. ಆಮೇಲೆ ಸಕ್ಕರೆ ಕಾಯಿಲೆಯಿಂದ ಕಾಲು ಗಾಯವಾಗಿ ಗುಣವಾಗಲಿಲ್ಲ. ಬರುವುದು ನಿಂತಿತು. ಫೋನಿನಲ್ಲಿ ಕೇಳುತ್ತಿದ್ದರು. ನೀರು ಹೇಗುಂಟು? ಪೊರೆ ಹೋಗಿದೆ ಸಾರ್. ರಿಪೋರ್ಟು ಬಂತಾ? ಇಲ್ಲ ಸಾರ್. ನೋಡುವ.

ಈ ವರ್ಷ ರಿಪೋರ್ಟು ಬಂತು. ಮಣ್ಣಿನದ್ದು ಮೊದಲೇ ಬಂದು ಅಂಗನವಾಡಿ ಎದ್ದಿತ್ತು, ನಮ್ಮ ಹೊಸ ಮನೆಗಳಿಗೆ ಅಡಿಪಾಯದ ಪಂಚಾಂಗವೂ ಆಗಿತ್ತು. ಸಾನ್ವಿಯೂ ಬಂಟ್ವಾಳದಿಂದ ಬಂದಿದ್ದಳು. ಈಗ ನೀರಿನದ್ದು. ಮೆಂಬರರೇ ಓದಿ ಹೇಳಿದರು, ಕುಡಿಯಲು ಯೋಗ್ಯ ಎಂದು. ಓದಿ ಮುಗಿಸಿ, ಅಜ್ಜಿ, ಆಗ ನಾನು ಒಂದು ಮಾತು ಹೇಳಿದ್ದೆ ಎಂದರು. ಬೆಲ್ಲ ತೆಗೆದುಕೊಳ್ಳಿ ಎಂದೆ.

ನೀರು ಕುಡಿದು ಓಡಿದ ಆ ಮಗುವನ್ನು ನೋಡಿದ ಮರುದಿನವೇ ನಾನು ಕಕ್ಕಿಂಜೆಗೆ ಹೊರಟೆ. ಮುಚ್ಚಳದ ಸ್ಟೀಲಿನ ಕ್ಯಾನಿನ ತುಂಬ ಬಾವಿಯ ನೀರು, ಒಂದು ಕೈಯಲ್ಲಿ ಸಾನ್ವಿ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, ಹಾಲಾ ಅಜ್ಜಿ ಎಂದು ಕೇಳಿದ. ನೀರು ಎಂದೆ. ಕಕ್ಕಿಂಜೆಯಲ್ಲಿ ನೀರಿಲ್ಲವಾ ಎಂದು ನಕ್ಕ. ಅವನಿಗೂ ಇಡೀ ಕಥೆ ಹೇ‍ಳುತ್ತಿದ್ದೆ, ಅಷ್ಟರಲ್ಲಿ ಬಸ್ಸು ಹೊರಟಿತು.

ಸಾರ್ ಜಗಲಿಯ ಕುರ್ಚಿಯಲ್ಲಿ, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಇನ್ನೂ ಸಣ್ಣಗಾಗಿದ್ದಾರೆ. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟರು. ನಾನು ರಿಪೋರ್ಟು ಕೊಟ್ಟೆ. ಅದನ್ನು ಬಿಡಿಸದೆ ಕಿಟಕಿಯ ಮೇಲೆ ಇಟ್ಟರು. ಸಾನ್ವಿಯನ್ನು ಹತ್ತಿರ ಕರೆದು, ಅವಳ ಲಂಗವನ್ನು ಸ್ವಲ್ಪ ಸರಿಸಿ ಎರಡೂ ಮೊಣಕಾಲನ್ನು ನೋಡಿದರು. ಬೊಕ್ಕೆಯ ಗುರುತೂ ಇಲ್ಲ. ಬಿದ್ದು ತರಚಿದ ಒಂದು ಗಾಯ ಇತ್ತು, ಎಲ್ಲ ಮಕ್ಕಳಿಗೂ ಇರುವಂಥದ್ದು.

"ನೀನು ಈ ನೀರು ಕುಡೀತೀಯಾ?"

"ದಿನಾ ಕುಡೀತೇನೆ," ಎಂದಳು. ಇದೆಂಥ ಪ್ರಶ್ನೆ ಎನ್ನುವ ಹಾಗೆ ನನ್ನ ಮುಖ ನೋಡಿದಳು.

ನಾನು ಲೋಟಕ್ಕೆ ಬಗ್ಗಿಸುವಾಗ ನೆನಪಾಯಿತು. ನೀರು ತರುವ ಸಂಭ್ರಮದಲ್ಲಿ ನಮ್ಮ ಮನೆಯ ಬೆಲ್ಲ ತರುವುದನ್ನೇ ಮರೆತಿದ್ದೆ. ಬೆಲ್ಲ ಇಲ್ಲದೆ ಬರೀ ನೀರು ಹೇಗೆ ಕೊಡುವುದು ಎಂದು ಅವರ ಹೆಂಡತಿ ತಂದಿಟ್ಟ ತಟ್ಟೆಗೆ ಕೈ ಹಾಕಿದೆ. ಅವರಿಗೆ ಸಿಹಿ ಆಗುವುದಿಲ್ಲ ಎಂದು ಹೆಂಡತಿ ಮೆಲ್ಲಗೆ ಹೇಳಿದರು. ನಾನು ಲೋಟ ಹಿಡಿದುಕೊಂಡು, ಏನು ಮಾಡುವುದು ಎಂದು ತಿಳಿಯದೆ ನಿಂತೆ.

ಸಾರ್ ಕೈ ಚಾಚಿದರು.

"ಕೊಡಿ ಅಕ್ಕ. ಬೆಲ್ಲ ನಿಮ್ಮ ಜಗಲಿಯಲ್ಲಿ ಆಗಲೇ ತಿಂದಾಗಿದೆ."

ಅಭ್ಯಾಸದಂತೆ ಒಮ್ಮೆ ಮೂಸಿದರು. ಆಮೇಲೆ ತಲೆ ಎತ್ತಿ, ತುಟಿಗೆ ತಾಗಿಸದೆ, ನಿಲ್ಲಿಸದೆ ಪೂರ್ತಿ ಕುಡಿದರು. ಖಾಲಿ ಲೋಟವನ್ನು ನನಗೆ ವಾಪಸು ಕೊಡಲಿಲ್ಲ. ಸಾನ್ವಿಯ ಕಡೆಗೆ ಹಿಡಿದು ಇನ್ನೂ ಉಂಟಾ ಎಂದು ಕೇಳಿದರು. ಅವಳು ಎರಡೂ ಕೈಯಲ್ಲಿ ಕ್ಯಾನು ಎತ್ತಿ, ನಾಲಗೆ ಕಚ್ಚಿಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ ಬಗ್ಗಿಸಿದಳು.